ಹರ್ಕ್ಯುಲೀಸ್ ಗೋಪುರ

ಹರ್ಕ್ಯುಲೀಸ್ ಗೋಪುರವು ಸ್ಪೇನ್ ದೇಶದ ವಾಯವ್ಯ ಮೂಲೆಯ ಗಲೀಷಿಯ ಪ್ರಾಂತದಲ್ಲಿರುವ ಆ ಕೊರುನ್ಯ ಬಂದರಿನ ಬಾಗಿಲಲ್ಲಿ ರೋಮನ್ನರು ಕಟ್ಟಿದ, 18ನೇ ಶತಮಾನದ ಕೊನೆಯಲ್ಲಿ ಹೊಸ ಹೊದಿಕೆಯೊಡನೆ ಜೀರ್ಣೋದ್ಧಾರಗೊಂಡ, ಇಂದಿಗೂ ಹಡಗುಗಳಿಗೆ ಬೆಳಕು ತೋರುತ್ತಿರುವ ದೀಪಸ್ತಂಭ. ಸ್ಪ್ಯಾನಿಷ್ ಭಾಷೆಯಲ್ಲಿ ಇದಕ್ಕೆ ತೊರ್ರೆ ದೆ ಎರ್ಕುಲೆಸ್ ಎಂದು ಹೆಸರು. ಪ್ರಾಚೀನ ಲ್ಯಾಟಿನ್ ಬರಹಗಳಲ್ಲಿ ಫಾರುಮ್ ಬ್ರಿಗಾಂಟಿಯುಮ್, ಎಂದರೆ ಬ್ರಿಗಾಂಟಿಯುಮ್ ಪಟ್ಟಣದ ದೀಪಸ್ತಂಭ, ಎಂಬ ಹೆಸರಿನಿಂದ ಗುರುತಿಸಲ್ಪಟ್ಟಿದೆ. ಗ್ರೀಕ್ ಮತ್ತು ರೋಮನ್ ಕಾಲದ ದೀಪಸ್ತಂಭಗಳಲ್ಲಿ ಕಟ್ಟಡದ ಮೂಲ ರಚನೆಯನ್ನು ಬಹುಮಟ್ಟಿಗೆ ಉಳಿಸಿಕೊಂಡು ತನ್ನ ಮೊದಲ ಕೆಲಸವನ್ನೇ ಮುಂದುವರಿಸಿರುವುದು ಇದೊಂದೇ ಆದ್ದರಿಂದ, 2009ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಲೇಖನದಲ್ಲಿ ‘ಒಳಗಟ್ಟಡ’ ಎಂಬ ಮಾತನ್ನು ರೋಮನ್ನರು ಕಟ್ಟಿದ ಮೂಲ ಭಾಗಕ್ಕೂ, ‘ಹೊರಹೊದಿಕೆ’ ಎಂಬುದನ್ನು 18ನೇ ಶತಮಾನದಲ್ಲಿ ಅದರ ಸುತ್ತ ಎಬ್ಬಿಸಿದ ಕಲ್ಲಿನ ಪದರಕ್ಕೂ ಬಳಸಲಾಗಿದೆ. ಈ ಎರಡನ್ನು ಬೇರೆಬೇರೆಯಾಗಿ ಗ್ರಹಿಸದಿದ್ದರೆ ಗೋಪುರದ ಇತಿಹಾಸ ಅರ್ಥವಾಗುವುದಿಲ್ಲ. ಏಕೆಂದರೆ ಹೊರಗಿನಿಂದ ನೋಡುವವರಿಗೆ ಕಾಣುವ ಕಲ್ಲುಗಳಲ್ಲಿ ರೋಮನ್ನರದು ಬಹುತೇಕ ಯಾವುದೂ ಅಲ್ಲ, ಒಳಗೆ ಹೋದವರಿಗೆ ಕಾಣುವ ಗೋಡೆಗಳಲ್ಲಿ ಬಹುಪಾಲು ರೋಮನ್ನರದೇ.

ನೆಲೆ

ಆ ಕೊರುನ್ಯ ನಗರವು ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡ ಸಣ್ಣ ಪರ್ಯಾಯದ್ವೀಪವೊಂದರ ಮೇಲೂ ಅದನ್ನು ಮುಖ್ಯ ಭೂಭಾಗಕ್ಕೆ ಸೇರಿಸುವ ಇಕ್ಕಟ್ಟಾದ ನೆಲದ ಮೇಲೂ ಹಬ್ಬಿದೆ. ಪರ್ಯಾಯದ್ವೀಪದ ಪಶ್ಚಿಮದ ಬದಿ ತೆರೆದ ಕಡಲಿನ ಅಲೆಗಳಿಗೆ ಸಿಕ್ಕಿದ್ದರೆ, ಪೂರ್ವದ ಬದಿ ಗಾಳಿಯ ಹೊಡೆತದಿಂದ ಮರೆಯಾಗಿರುವುದರಿಂದ ಬಂದರು ಅಲ್ಲಿ ಬೆಳೆದಿದೆ. ಗೋಪುರ ನಿಂತಿರುವುದು ನಗರದ ಮಧ್ಯಭಾಗದಿಂದ ಸುಮಾರು 2.4 ಕಿ.ಮೀ. ದೂರದಲ್ಲಿ, ಪರ್ಯಾಯದ್ವೀಪದ ಉತ್ತರ ತುದಿಯಲ್ಲಿರುವ 57 ಮೀಟರ್ ಎತ್ತರದ ಬಂಡೆಯ ಮೇಲೆ. ಗೋಪುರದ ಸ್ವಂತ ಎತ್ತರ 55 ಮೀಟರ್. ಅದರಲ್ಲಿ 34 ಮೀಟರ್ ರೋಮನ್ ಕಟ್ಟಡದ್ದು, ಉಳಿದ 21 ಮೀಟರ್ 18ನೇ ಶತಮಾನದ್ದು.

ಇಲ್ಲಿಂದ ಪಶ್ಚಿಮಕ್ಕೆ ಫಿನಿಸ್ಟೆರೆ ಭೂಶಿರದವರೆಗಿನ ಕರಾವಳಿಯನ್ನು ಗಲೀಷಿಯದ ಜನ ‘ಕೋಸ್ತ ದ ಮೋರ್ತೆ’, ಸಾವಿನ ಕರಾವಳಿ, ಎಂದು ಕರೆಯುತ್ತಾರೆ. ಮಂಜು, ಮುಳುಗುಬಂಡೆಗಳು ಮತ್ತು ಚಳಿಗಾಲದ ಬಿರುಗಾಳಿ ಒಟ್ಟುಗೂಡುವ ಈ ತೀರದಲ್ಲಿ 1890ರ ನವೆಂಬರ್ ತಿಂಗಳಲ್ಲಿ ಬ್ರಿಟಿಷ್ ನೌಕಾಪಡೆಯ ಸರ್ಪೆಂಟ್ ಎಂಬ ಹಡಗು ಒಡೆದಾಗ ಅದರಲ್ಲಿದ್ದ 170ಕ್ಕೂ ಹೆಚ್ಚು ಜನರಲ್ಲಿ ಬದುಕುಳಿದವರು ಮೂವರು ಮಾತ್ರ. ಮೆಡಿಟರೇನಿಯನ್ ಸಮುದ್ರದಿಂದ ಬ್ರಿಟನ್ನಿನ ಕಡೆಗೆ ಹೋಗುವ ಹಡಗುಗಳು ಐಬೀರಿಯ ಪರ್ಯಾಯದ್ವೀಪದ ಪಶ್ಚಿಮ ತೀರವನ್ನು ಹಿಡಿದು ಬಂದು ಈ ಮೂಲೆಯಲ್ಲೇ ಪೂರ್ವಕ್ಕೋ ಉತ್ತರಕ್ಕೋ ತಿರುಗಬೇಕಾಗಿದ್ದುದರಿಂದ, ಎತ್ತರದ ಗುರುತೊಂದರ ಅಗತ್ಯ ಬಂದರಿನ ಒಳಬರುವಿಕೆಗಷ್ಟೇ ಅಲ್ಲದೆ ದೂರದ ಯಾನಕ್ಕೂ ಇತ್ತು.

ಉಗಮ

ಬ್ರಿಗಾಂಟಿಯುಮ್ ಎಂಬ ಹೆಸರು ರೋಮನ್ ಇತಿಹಾಸದಲ್ಲಿ ಮೊದಲು ಬರುವುದು ಜೂಲಿಯಸ್ ಸೀಸರನ ಪ್ರಸಂಗದಲ್ಲಿ. ಕ್ರಿ.ಪೂ. 61ರಲ್ಲಿ ಅವನು ಹಡಗುಪಡೆಯೊಡನೆ ಇಲ್ಲಿಗೆ ಬಂದನೆಂದೂ ಅಂಥ ಹಡಗುಗಳನ್ನು ಕಂಡರಿಯದ ಸ್ಥಳೀಯರು ಹೆದರಿ ಶರಣಾದರೆಂದೂ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆದಿದ್ದಾನೆ. ಗಲೀಷಿಯದ ತವರ ಮತ್ತು ಚಿನ್ನದ ಗಣಿಗಳು ರೋಮನ್ನರ ಆಸಕ್ತಿಗೆ ಒಂದು ಕಾರಣ, ಕ್ರಿ.ಶ. 43ರ ಬಳಿಕ ಬ್ರಿಟನ್ ರೋಮನ್ ಪ್ರಾಂತವಾದದ್ದು ಅಟ್ಲಾಂಟಿಕ್ ಕಡಲಮಾರ್ಗದ ಮಹತ್ವವನ್ನು ಇನ್ನಷ್ಟು ಹೆಚ್ಚಿಸಿತು.

ಗೋಪುರದ ನಿರ್ಮಾಣದ ವರ್ಷವನ್ನು ಹೇಳುವ ಶಾಸನವಿಲ್ಲ. ಕಟ್ಟಿದವನ ಹೆಸರನ್ನು ಹೇಳುವ ಶಾಸನ ಮಾತ್ರ ಬುಡದ ಬಂಡೆಯಲ್ಲಿ ಕೊರೆದದ್ದು ಉಳಿದಿದೆ. ಲ್ಯಾಟಿನ್ ಭಾಷೆಯ ಈ ಕಿರು ಶಾಸನವು ಲುಸಿಟಾನಿಯ ಪ್ರಾಂತದ ಏಮಿನಿಯುಮ್ ಊರಿನ, ಅಂದರೆ ಇಂದಿನ ಪೋರ್ಚುಗಲ್ಲಿನ ಕೊಯಿಂಬ್ರದ, ಗಾಯಸ್ ಸೇವಿಯಸ್ ಲೂಪಸ್ ಎಂಬ ವಾಸ್ತುಶಿಲ್ಪಿ ಹರಕೆ ತೀರಿಸಲು ಮಾರ್ಸ್ ದೇವತೆಗೆ ಅರ್ಪಿಸಿದ್ದು. ಶಾಸನದಲ್ಲಿ ದೀಪಸ್ತಂಭದ ಉಲ್ಲೇಖವಿಲ್ಲವಾದರೂ, ವಾಸ್ತುಶಿಲ್ಪಿ ಎಂಬ ಬಿರುದು ಮತ್ತು ಶಾಸನವಿರುವ ಜಾಗ ಎರಡನ್ನೂ ಗಮನಿಸಿ ವಿದ್ವಾಂಸರು ಅವನನ್ನೇ ಗೋಪುರದ ಕರ್ತೃವೆಂದು ಒಪ್ಪಿದ್ದಾರೆ. ಪ್ರಾಚೀನ ಕಾಲದ ದೊಡ್ಡ ಕಟ್ಟಡಗಳಲ್ಲಿ ಕಟ್ಟಿಸಿದ ಅರಸನ ಹೆಸರು ಉಳಿದು ಕಟ್ಟಿದವನ ಹೆಸರು ಅಳಿಯುವುದು ಸಾಮಾನ್ಯ. ಇಲ್ಲಿ ಆದದ್ದು ಅದರ ತಿರುವುಮುರುವು. ನಿರ್ಮಾಣದ ಕಾಲವನ್ನು ಕ್ರಿ.ಶ. 1ನೇ ಶತಮಾನದ ಕೊನೆಗೆ ಅಥವಾ 2ನೇ ಶತಮಾನದ ಆರಂಭಕ್ಕೆ, ಹೆಚ್ಚಾಗಿ 98ರಿಂದ 117ರವರೆಗೆ ಆಳಿದ ಟ್ರಾಜನ್ ಚಕ್ರವರ್ತಿಯ ಕಾಲಕ್ಕೆ, ನಿಗದಿ ಮಾಡುವುದು ವಾಡಿಕೆ.

ಬರಹದಲ್ಲಿ ಗೋಪುರ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು 5ನೇ ಶತಮಾನದ ಆರಂಭದಲ್ಲಿ. ಆ ಕಾಲದ ಕ್ರೈಸ್ತ ಇತಿಹಾಸಕಾರ ಒರೋಸಿಯಸ್ ತನ್ನ ಲೋಕಚರಿತ್ರೆಯ ಭೂಗೋಳ ಭಾಗದಲ್ಲಿ, ಗಲೀಷಿಯದ ಬ್ರಿಗಾಂಟಿಯ ಪಟ್ಟಣದಲ್ಲಿ ಬ್ರಿಟನ್ನಿನ ಕಡೆಗೆ ನೋಟವಿಟ್ಟ ಬಹಳ ಎತ್ತರದ ದೀಪಸ್ತಂಭವೊಂದು ಇದೆಯೆಂದು, ಅದು ನೆನಪಿಡತಕ್ಕ ಕೆಲವೇ ಕಟ್ಟಡಗಳಲ್ಲಿ ಒಂದೆಂದು ದಾಖಲಿಸಿದ್ದಾನೆ.

ರೋಮನ್ ಗೋಪುರದ ರಚನೆ

ಒಳಗಟ್ಟಡವು ಚೌಕಾಕಾರದ್ದು, ಬದಿಗೆ ಹನ್ನೆರಡು ಮೀಟರಿಗೆ ತುಸು ಕಡಿಮೆ. ಸಣ್ಣದಾಗಿ ಕಡಿದ ಚೌಕಗಲ್ಲುಗಳನ್ನು ಸುಣ್ಣದ ಗಾರೆಯಲ್ಲಿ ಸಾಲುಸಾಲಾಗಿ ಕೂರಿಸಿ ಗೋಡೆಗಳನ್ನು ಎಬ್ಬಿಸಲಾಗಿದೆ. ಛಾವಣಿಗಳು ರೋಮನ್ನರ ಕಾಂಕ್ರೀಟಿನಿಂದ, ಎಂದರೆ ಸುಣ್ಣದ ಗಾರೆಯಲ್ಲಿ ಒಡೆದ ಕಲ್ಲನ್ನು ಬೆರೆಸಿ ಎರಕ ಹೊಯ್ದು, ಉದ್ದನೆಯ ಕಮಾನಿನಾಕಾರದಲ್ಲಿ ಮಾಡಿದವು. ಕಟ್ಟಡಕ್ಕೆ ಒಟ್ಟು ಮೂರು ಅಂತಸ್ತು. ಪ್ರತಿ ಅಂತಸ್ತನ್ನೂ ಅಡ್ಡಡ್ಡ ಹಾಯುವ ಎರಡು ಗೋಡೆಗಳು ನಾಲ್ಕು ಕೋಣೆಗಳಾಗಿ ವಿಭಾಗಿಸುತ್ತವೆ. ಈ ಅಡ್ಡಗೋಡೆಗಳು ಕೋಣೆಗಳನ್ನು ಬೇರ್ಪಡಿಸುವುದಕ್ಕಿಂತ ಮಿಗಿಲಾಗಿ ಒಳಗಟ್ಟಡದ ನಾಲ್ಕೂ ಬದಿಯ ಗೋಡೆಗಳನ್ನು ಒಂದಕ್ಕೊಂದು ಬಿಗಿಯುವ ಕೆಲಸ ಮಾಡುತ್ತವೆ. ಮೇಲಿನ ಭಾರವನ್ನು ಬುಡದವರೆಗೆ ನೇರವಾಗಿ ಇಳಿಸುವ ಈ ಜೋಡಣೆಯಿಂದಾಗಿಯೇ, ಹೊರಗಿನ ಗೋಡೆಯನ್ನು ಕಳೆದುಕೊಂಡ ಮೇಲೂ ಒಳಗಟ್ಟಡ ಶತಮಾನಗಟ್ಟಲೆ ಬೀಳದೆ ನಿಂತಿತು.

ಈ ಕಟ್ಟಡದ ಒಳಗೆ ಮೆಟ್ಟಿಲುಗಳಿರಲಿಲ್ಲ. ಒಳಗಟ್ಟಡದ ಸುತ್ತ, ಸ್ವಲ್ಪ ಅಂತರ ಬಿಟ್ಟು, ಇನ್ನೊಂದು ಗೋಡೆ ಇದ್ದು, ಎರಡು ಗೋಡೆಗಳ ನಡುವಿನ ಜಾಗದಲ್ಲಿ ಇಳಿಜಾರಾದ ದಾರಿ ಗೋಪುರವನ್ನು ಸುತ್ತಿಕೊಂಡು ಮೇಲೇರುತ್ತಿತ್ತು. ಉರುವಲನ್ನು ಮೇಲಕ್ಕೆ ಸಾಗಿಸುವುದೂ ಕೋಣೆಗಳಿಗೆ ಹೋಗುವುದೂ ಈ ದಾರಿಯಿಂದಲೇ. ಪ್ರತಿ ಅಂತಸ್ತಿನ ಬಾಗಿಲುಗಳು ಇದರ ಕಡೆಗೇ ತೆರೆದುಕೊಂಡಿದ್ದವು. ತುದಿಯಲ್ಲಿ ದೀಪಕ್ಕೆಂದು ದುಂಡನೆಯ ಮೇಲ್ಮನೆಯೊಂದು ಇತ್ತೆಂದು ವಿದ್ವಾಂಸರು ಊಹಿಸುತ್ತಾರೆ. ಹೊರಗೋಡೆಯೂ ಸೇರಿದಾಗ ಗೋಪುರದ ಬುಡ ಈಗಿನದಕ್ಕಿಂತ ಬಹಳ ಅಗಲವಾಗಿದ್ದು, ದೂರದಿಂದ ನೋಡಿದರೆ ಇಂದಿನ ತೆಳ್ಳನೆಯ ಆಕೃತಿಗಿಂತ ದಪ್ಪವಾಗಿ ಕಾಣುತ್ತಿದ್ದಿರಬೇಕು.

ಬುಡಕ್ಕೆ ಹತ್ತಿ ಆಯತಾಕಾರದ ಸಣ್ಣ ರೋಮನ್ ಕಟ್ಟಡವೊಂದಿದೆ. ಲೂಪಸನ ಶಾಸನವನ್ನು ಗಾಳಿಮಳೆಯಿಂದ ಕಾಪಾಡಿರುವುದು ಈ ಜಾಗದಲ್ಲಿ ಕಟ್ಟಿದ ಪುಟ್ಟ ಮನೆ.

ಪ್ರಾಚೀನ ದೀಪಸ್ತಂಭಗಳಲ್ಲಿ ಇದರ ಸ್ಥಾನ

ಮೆಡಿಟರೇನಿಯನ್ ಜಗತ್ತಿನ ದೀಪಸ್ತಂಭಗಳಿಗೆಲ್ಲ ಮಾದರಿಯಾದದ್ದು ಕ್ರಿ.ಪೂ. 280ರ ಸುಮಾರಿಗೆ ಅಲೆಕ್ಸಾಂಡ್ರಿಯದ ಫಾರೋಸ್ ದ್ವೀಪದಲ್ಲಿ ಎದ್ದ, ನೂರು ಮೀಟರಿಗೂ ಹೆಚ್ಚು ಎತ್ತರದ ಗೋಪುರ. ಆ ದ್ವೀಪದ ಹೆಸರೇ ಮುಂದೆ ಲ್ಯಾಟಿನ್ ಮತ್ತು ಅದರಿಂದ ಹುಟ್ಟಿದ ಭಾಷೆಗಳಲ್ಲಿ ದೀಪಸ್ತಂಭಕ್ಕೆ ಸಾಮಾನ್ಯ ಹೆಸರಾಯಿತು. ಭೂಕಂಪಗಳಿಂದ ಜರ್ಜರಿತವಾದ ಅದನ್ನು 1326ರಲ್ಲಿ ನೋಡಿದ್ದ ಪ್ರವಾಸಿ ಇಬ್ನ್ ಬತೂತ 1349ರಲ್ಲಿ ಮರಳಿ ಬಂದಾಗ ಒಳಗೆ ಹೋಗಲೂ ಆಗದಷ್ಟು ಅದು ಹಾಳಾಗಿತ್ತು.

ರೋಮನ್ನರು ತಮ್ಮ ಬಂದರುಗಳಲ್ಲಿ ಕಟ್ಟಿದ ದೀಪಸ್ತಂಭಗಳು ಸಾಮಾನ್ಯವಾಗಿ ಎರಡು ಬಗೆಯವು: ಒಂದರ ಮೇಲೊಂದು ಕಿರಿದಾಗುತ್ತ ಹೋಗುವ ಚೌಕ ಅಂತಸ್ತುಗಳವು ಮತ್ತು ಎಂಟು ಮೂಲೆಯವು. ರೋಮ್ ನಗರದ ಬಂದರಾದ ಓಸ್ಟಿಯದ ದೀಪಸ್ತಂಭ ಮೊದಲ ಬಗೆಯದು. ಅದು ಈಗ ನಾಣ್ಯಗಳ ಮತ್ತು ಬಣ್ಣಗಲ್ಲಿನ ನೆಲಹಾಸುಗಳ ಚಿತ್ರಗಳಲ್ಲಷ್ಟೆ ಉಳಿದಿದೆ. ಎರಡನೆಯ ಬಗೆಗೆ ಉದಾಹರಣೆ ಫ್ರಾನ್ಸಿನ ಬುಲೋನ್ ಮತ್ತು ಅದರೆದುರು ಕಡಲಿನಾಚೆ ಇಂಗ್ಲೆಂಡಿನ ಡೋವರ್. ಕ್ಯಾಲಿಗುಲ ಚಕ್ರವರ್ತಿ ಕಟ್ಟಿಸಿದನೆನ್ನುವ ಬುಲೋನ್ ಗೋಪುರ ಕೆಳಗಿನ ಬಂಡೆ ಕುಸಿದು 1644ರಲ್ಲಿ ಬಿತ್ತು. ಡೋವರಿನದು ಕೋಟೆಯೊಳಗಿನ ಇಗರ್ಜಿಗೆ ಗಂಟೆಗೋಪುರವಾಗಿ ಬಳಕೆಯಾದ ಕಾರಣ ಉಳಿಯಿತು, ಆದರೆ ದೀಪಸ್ತಂಭವಾಗಿ ಉಳಿಯಲಿಲ್ಲ. ಬ್ರಿಗಾಂಟಿಯುಮ್ ಗೋಪುರ ಚೌಕ ಬಗೆಗೆ ಸೇರಿದ್ದು. ಆದರೆ ಓಸ್ಟಿಯದಂತೆ ಮೆಟ್ಟಿಲುಮೆಟ್ಟಿಲಾಗಿ ಕಿರಿದಾಗದೆ ಬುಡದಿಂದ ತುದಿಯವರೆಗೆ ಒಂದೇ ಅಳತೆಯಲ್ಲಿ ಏರುವುದು ಇದರ ವಿಶೇಷ.

ಮಧ್ಯಯುಗ

ರೋಮನ್ ಆಡಳಿತ ಕುಸಿದ ಮೇಲೆ ದೀಪ ಉರಿಸುವ ವ್ಯವಸ್ಥೆ ನಿಂತುಹೋಯಿತು. ಗೋಪುರ ಹಗಲಿನ ಗುರುತಾಗಿಯೂ ಕಾವಲುಕಟ್ಟೆಯಾಗಿಯೂ ಮುಂದುವರಿಯಿತು. 844ರಲ್ಲಿ ಉತ್ತರದ ಕಡಲಿನಿಂದ ದಾಳಿಗೆ ಬಂದ ವೈಕಿಂಗರನ್ನು ಅಸ್ತೂರಿಯದ ರಾಜ ಒಂದನೆಯ ರಾಮಿರೊನ ಸೈನ್ಯ ಸೋಲಿಸಿದ್ದು ಈ ದೀಪಸ್ತಂಭದ ಬಳಿ ಎಂದು ಅಂದಿನ ವೃತ್ತಾಂತಗಳು ಹೇಳುತ್ತವೆ. ಇಂಥ ದಾಳಿಗಳ ಭಯದಿಂದ ಜನ ಪರ್ಯಾಯದ್ವೀಪವನ್ನು ಬಿಟ್ಟು ಒಳನಾಡಿಗೆ ಸರಿದರು. 1208ರಲ್ಲಿ ಲೆಯೋನಿನ ರಾಜ ಒಂಬತ್ತನೆಯ ಅಲ್ಫೋನ್ಸೊ ಅಲ್ಲಿ ಪಟ್ಟಣವನ್ನು ಮತ್ತೆ ಸ್ಥಾಪಿಸಿದ.

ಪಟ್ಟಣ ಮರುಹುಟ್ಟು ಪಡೆದದ್ದು ಗೋಪುರಕ್ಕೆ ಒಳಿತಾಗಲಿಲ್ಲ. ಹೊಸ ಕಟ್ಟಡಗಳಿಗೆ ಬೇಕಾದ ಕಡಿದ ಕಲ್ಲು ಹೊರಗೋಡೆಯಲ್ಲಿ ಸಿದ್ಧವಾಗಿ ಸಿಗುತ್ತಿದ್ದುದರಿಂದ ಜನ ಅದನ್ನು ಕಿತ್ತು ಒಯ್ದರು. ಹೊರಗೋಡೆ ಹೋದಂತೆ ಅದಕ್ಕೂ ಒಳಗಟ್ಟಡಕ್ಕೂ ನಡುವೆ ಕೂತಿದ್ದ ಇಳಿಜಾರು ದಾರಿಯೂ ಹೋಯಿತು. ಮೇಲಂತಸ್ತುಗಳ ಬಾಗಿಲುಗಳು ಬರಿಯ ಗಾಳಿಗೆ ತೆರೆದುಕೊಂಡವು, ಕೋಣೆಗಳು ಇದ್ದರೂ ಅಲ್ಲಿಗೆ ಏರುವ ದಾರಿ ಇಲ್ಲವಾಯಿತು. ಒಳಗಟ್ಟಡದ ನಾಲ್ಕೂ ಮೈಗಳ ಮೇಲೆ ದಾರಿ ಹಾದುಹೋಗಿದ್ದ ಓರೆಯಾದ ಗುರುತು ಮಾತ್ರ ಗಾಯದಂತೆ ಉಳಿಯಿತು. ಕಟ್ಟಡದ ಮುಂದಿನ ಚರಿತ್ರೆಯನ್ನು ಈ ಗುರುತೇ ಬಹುಮಟ್ಟಿಗೆ ನಿರ್ಧರಿಸಿತು.

ಐತಿಹ್ಯಗಳು

ಗೋಪುರದ ಈಗಿನ ಹೆಸರು ಇದೇ ಮಧ್ಯಯುಗದ ಕೊಡುಗೆ. 13ನೇ ಶತಮಾನದಲ್ಲಿ ಹತ್ತನೆಯ ಅಲ್ಫೋನ್ಸೊ ರಾಜನ ಆಸ್ಥಾನದಲ್ಲಿ ಸಿದ್ಧವಾದ ಸ್ಪೇನಿನ ಇತಿಹಾಸಗ್ರಂಥದ ಪ್ರಕಾರ, ಗ್ರೀಕ್ ಪುರಾಣದ ವೀರ ಹರ್ಕ್ಯುಲೀಸ್ ಇಲ್ಲಿನ ಕ್ರೂರ ಅರಸ ಗೆರಿಯೋನನೊಡನೆ ಮೂರು ಹಗಲು ಮೂರು ರಾತ್ರಿ ಕಾದಾಡಿ, ಅವನ ತಲೆ ಕಡಿದು ಹೂತು, ಅದರ ಮೇಲೆ ಗೋಪುರ ಕಟ್ಟಿಸಲು ಆರಂಭಿಸಿದ. ನಗರದ ಲಾಂಛನದಲ್ಲಿ ದೀಪಸ್ತಂಭದ ಕೆಳಗೆ ತಲೆಬುರುಡೆ ಕಾಣುವುದು ಈ ಕಥೆಯಿಂದ. ಗೋಪುರದ ತುದಿಯಲ್ಲಿ ದೂರದ ಶತ್ರುಹಡಗುಗಳನ್ನು ತೋರಿಸುವ ಮಾಯಾಕನ್ನಡಿ ಇತ್ತೆಂಬ ಇನ್ನೊಂದು ಕಥೆಯೂ ಇದೆ; ಅದು ಅಲೆಕ್ಸಾಂಡ್ರಿಯದ ದೀಪಸ್ತಂಭದ ಬಗ್ಗೆ ಹಬ್ಬಿದ್ದ ಕಥೆಯನ್ನು ಹೋಲುತ್ತದೆ.

ಐರ್ಲೆಂಡಿನ ಸಂಪ್ರದಾಯ ಬೇರೆ. 11ನೇ ಶತಮಾನದಲ್ಲಿ ಸಂಕಲನಗೊಂಡ, ಐರಿಷ್ ಜನರ ಮೂಲವನ್ನು ಹೇಳುವ ‘ಲೆಬರ್ ಗಬಾಲ ಏರೆನ್’ ಗ್ರಂಥದಲ್ಲಿ ಬ್ರಿಗಾಂಟಿಯ ಪಟ್ಟಣದ ಗೋಪುರವನ್ನು ಕಟ್ಟಿದವನು ಬ್ರೆಯೋಗನ್. ಅವನ ಮಗ ಈತ್ ಅದರ ತುದಿಯಿಂದ ಐರ್ಲೆಂಡನ್ನು ಕಂಡು ಅಲ್ಲಿಗೆ ಪಯಣಿಸುತ್ತಾನೆ. ಬಂಡೆ ಮತ್ತು ಗೋಪುರ ಸೇರಿ 112 ಮೀಟರ್ ಎತ್ತರದಿಂದ ಕಡಲಂಚು ಕಾಣುವುದು ಸುಮಾರು 38 ಕಿ.ಮೀ. ದೂರದವರೆಗೆ ಮಾತ್ರವಾದ್ದರಿಂದ ಇದು ಕಣ್ಣಿನ ಸಾಕ್ಷ್ಯವಾಗಿರಲು ಸಾಧ್ಯವಿಲ್ಲ. ಒರೋಸಿಯಸ್ ಐರ್ಲೆಂಡಿನ ದಕ್ಷಿಣದ ಭೂಶಿರವು ಬ್ರಿಗಾಂಟಿಯದ ಕಡೆಗೆ ಮುಖ ಮಾಡಿದೆಯೆಂದು ಬರೆದದ್ದನ್ನು ಐರಿಷ್ ಮಠಗಳ ವಿದ್ವಾಂಸರು ಓದಿ ಬೆಳೆಸಿದ ಕಥೆ ಇದು ಎಂಬ ವಿವರಣೆ ಹೆಚ್ಚು ಒಪ್ಪಿಗೆಯಾಗುವಂಥದ್ದು. ಹಾಗಿದ್ದರೂ 19ನೇ ಶತಮಾನದ ಗಲೀಷಿಯದ ಲೇಖಕರು ಬ್ರೆಯೋಗನನ್ನು ತಮ್ಮ ಮೂಲಪುರುಷನೆಂದು ಸ್ವೀಕರಿಸಿದರು. ಅವನ ದೊಡ್ಡ ಪ್ರತಿಮೆ ಈಗ ಗೋಪುರದ ದಾರಿಯಲ್ಲಿದೆ.

17ನೇ ಶತಮಾನದ ದುರಸ್ತಿ

ದೀಪವನ್ನು ಮತ್ತೆ ಉರಿಸುವ ಪ್ರಯತ್ನ ನಡೆದದ್ದು 1682ರಲ್ಲಿ. ಗಲೀಷಿಯದ ಸೇನಾಧಿಪತಿಯಾಗಿದ್ದ ಉಸೇದದ ಡ್ಯೂಕ್ ಈ ಕೆಲಸವನ್ನು ವಾಸ್ತುಶಿಲ್ಪಿ ಅಮಾರೊ ಅಂತೂನೆಗೆ ವಹಿಸಿದ. ಖರ್ಚಿಗೆ ಮುಂದೆ ಬಂದವರು ಬಂದರಿನಲ್ಲಿ ವ್ಯಾಪಾರದ ಹಿತಾಸಕ್ತಿಯಿದ್ದ ಇಂಗ್ಲೆಂಡ್, ಹಾಲೆಂಡ್ ಮತ್ತು ಫ್ಲಾಂಡರ್ಸ್ ನಾಡುಗಳ ಪ್ರತಿನಿಧಿಗಳು. ಬಂದರಿಗೆ ಬರುವ ಹಡಗುಗಳಿಂದ ಸುಂಕ ಎತ್ತಿ ಖರ್ಚನ್ನು ಮರಳಿ ಪಡೆಯಲು ಅವರಿಗೆ ಅನುಮತಿ ಸಿಕ್ಕಿತು. ಬೆಳಕಿನ ಪ್ರಯೋಜನ ಪಡೆಯುವ ಹಡಗುಗಳೇ ಬೆಳಕಿನ ವೆಚ್ಚ ಕೊಡಬೇಕೆಂಬ ಈ ಪದ್ಧತಿ ಯುರೋಪಿನ ಬೇರೆ ಬಂದರುಗಳಲ್ಲೂ ಆಗ ರೂಢಿಯಲ್ಲಿತ್ತು.

ಹೊರಗಿನ ದಾರಿ ಇಲ್ಲದ್ದರಿಂದ ಅಂತೂನೆ ಒಳಗಿನಿಂದಲೇ ಮೇಲೇರುವ ಉಪಾಯ ಹುಡುಕಿದ. ರೋಮನ್ ಕಮಾನು ಛಾವಣಿಗಳಿಗೆ ತೂತು ಕೊರೆದು ಮರದ ಮೆಟ್ಟಿಲನ್ನು ತುದಿಯವರೆಗೆ ಒಯ್ದು, ಮೇಲೆ ದೀಪಗಳಿಗಾಗಿ ಎರಡು ಸಣ್ಣ ಗೋಪುರಗಳನ್ನು ಕಟ್ಟಿದ. ರೋಮನ್ನರ ಕೆಲಸಕ್ಕೆ ಹೊರಗಿನ ಲೂಟಿಯಷ್ಟೇ ಒಳಗಿನ ಈ ಕೊರೆತವೂ ಹಾನಿ ಮಾಡಿತು. ಆದರೆ ಗೋಪುರ ಮತ್ತೆ ದೀಪಸ್ತಂಭವಾದದ್ದೂ ಇದರಿಂದಲೇ. ಉಪಯೋಗವಿಲ್ಲದ ಕಟ್ಟಡವಾಗಿ ಉಳಿದಿದ್ದರೆ ಮಿಕ್ಕ ಕಲ್ಲುಗಳ ಗತಿಯೂ ಹೊರಗೋಡೆಯದೇ ಆಗುತ್ತಿತ್ತೆಂದು ಊಹಿಸಲು ಅಡ್ಡಿಯಿಲ್ಲ.

ಜನ್ನೀನಿಯ ಜೀರ್ಣೋದ್ಧಾರ

18ನೇ ಶತಮಾನದ ದ್ವಿತೀಯಾರ್ಧದಲ್ಲಿ ಆ ಕೊರುನ್ಯ ಬಂದರಿನ ಸ್ಥಾನಮಾನ ಬದಲಾಯಿತು. 1764ರಲ್ಲಿ ಇಲ್ಲಿಂದ ಕ್ಯೂಬಾದ ಹವಾನಕ್ಕೆ ಸರಕಾರಿ ಅಂಚೆಹಡಗುಗಳ ಸಂಚಾರ ಆರಂಭವಾಯಿತು. 1778ರಲ್ಲಿ ಅಮೆರಿಕದ ವಸಾಹತುಗಳೊಂದಿಗೆ ನೇರ ವ್ಯಾಪಾರಕ್ಕೆ ಹಲವು ಬಂದರುಗಳಿಗೆ ಅವಕಾಶ ದೊರೆತಾಗ ಅವುಗಳಲ್ಲಿ ಇದೂ ಸೇರಿತ್ತು. 1785ರಲ್ಲಿ ವರ್ತಕರ ರಾಜಮಾನ್ಯ ಸಂಘವಾದ ರೆಯಾಲ್ ಕೊನ್ಸುಲಾದೊ ಸ್ಥಾಪನೆಯಾಯಿತು. ಸಾಗರ ದಾಟಿ ಬರುವ ಹಡಗುಗಳಿಗೆ ನಂಬಿಕೆಯ ಬೆಳಕು ಬೇಕೆಂದು ಮೊದಲು ಪಟ್ಟು ಹಿಡಿದವರು ಈ ಸಂಘದ ವರ್ತಕರೇ. ಗೋಪುರದ ಜೀರ್ಣೋದ್ಧಾರ ಪುರಾತತ್ತ್ವದ ಆಸಕ್ತಿಯಿಂದಲ್ಲ, ವ್ಯಾಪಾರದ ಅಗತ್ಯದಿಂದ ಹುಟ್ಟಿತು.

ಮೂರನೆಯ ಕಾರ್ಲೋಸ್ ರಾಜನ ಆಳ್ವಿಕೆಯ ಕೊನೆಯ ವರ್ಷವಾದ 1788ರಲ್ಲಿ ಆರಂಭವಾದ ಕೆಲಸ ನಾಲ್ಕನೆಯ ಕಾರ್ಲೋಸನ ಕಾಲದಲ್ಲಿ, 1790ರ ಸುಮಾರಿಗೆ ಮುಗಿಯಿತು. ಇದನ್ನು ನಿರ್ವಹಿಸಿದವನು ನೌಕಾಪಡೆಯ ಎಂಜಿನಿಯರ್ ಎವುಸ್ತಾಕಿಯೊ ಜನ್ನೀನಿ. ಅವನ ಮುಂದಿದ್ದ ಕಟ್ಟಡ ಹೊರಗೋಡೆ ಕಳೆದುಕೊಂಡು ಮೈ ಸವೆದದ್ದು, ಛಾವಣಿ ಕೊರೆಸಿಕೊಂಡು ಒಳಗೆ ದುರ್ಬಲವಾದದ್ದು. ಕೆಡವಿ ಹೊಸದನ್ನು ಕಟ್ಟುವುದು ಸುಲಭದ ದಾರಿಯಾಗಿತ್ತು. ಜನ್ನೀನಿ ರೋಮನ್ ಒಳಗಟ್ಟಡವನ್ನು ಹಾಗೆಯೇ ಉಳಿಸಿ, ಅದರ ನಾಲ್ಕೂ ಕಡೆಗೆ ಸುಮಾರು 60 ಸೆಂ.ಮೀ. ದಪ್ಪದ ಗ್ರಾನೈಟ್ ಹೊರಹೊದಿಕೆಯನ್ನು ಕಟ್ಟಿ, ಸವೆದ ಗೋಡೆಗಳನ್ನು ಅದರೊಳಗೆ ಬಂಧಿಸಿದ. ಒಳಗೆ ಮರದ ಮೆಟ್ಟಿಲಿನ ಬದಲು ಕಲ್ಲಿನ ಮೆಟ್ಟಿಲು ಬಂತು. ಮೇಲೆ, ಚೌಕ ಒಳಗಟ್ಟಡ ಮುಗಿಯುವಲ್ಲಿಂದ, ಒಂದಕ್ಕಿಂತ ಒಂದು ಕಿರಿದಾದ ಎರಡು ಎಂಟು ಮೂಲೆಯ ಅಂತಸ್ತುಗಳನ್ನು ಎಬ್ಬಿಸಿ ತುದಿಯಲ್ಲಿ ದೀಪದ ಮನೆಯನ್ನು ಇಡಲಾಯಿತು.

ಹೊರಹೊದಿಕೆಯ ಶೈಲಿ ಆ ಕಾಲದಲ್ಲಿ ಯುರೋಪಿನಲ್ಲಿ ನೆಲೆಯೂರುತ್ತಿದ್ದ ನವಶಾಸ್ತ್ರೀಯ ಶೈಲಿ, ಎಂದರೆ ಗ್ರೀಕ್-ರೋಮನ್ ವಾಸ್ತುವಿನ ನೇರ ರೇಖೆ ಮತ್ತು ಮಿತವಾದ ಅಲಂಕಾರಗಳನ್ನು ಮತ್ತೆ ತಂದ ಶೈಲಿ. ಸಮನಾಗಿ ಜೋಡಿಸಿದ ಕಿಟಕಿಗಳು, ತ್ರಿಕೋನದ ಮುಡಿಗಳು, ನುಣುಪಾದ ಕಲ್ಲುಗೆಲಸ ಇವೆಲ್ಲ ಅದರ ಲಕ್ಷಣಗಳು. ಇದಕ್ಕೆ ಹೊರತಾದ ಒಂದು ಅಂಶವೇ ಈ ಜೀರ್ಣೋದ್ಧಾರದ ಹೆಗ್ಗುರುತು: ನಾಲ್ಕೂ ಮೈಗಳನ್ನು ಸುತ್ತಿಕೊಂಡು ಓರೆಯಾಗಿ ಏರುವ ಕಲ್ಲಿನ ಪಟ್ಟಿ. ಕಟ್ಟಡದ ಗಟ್ಟಿತನಕ್ಕೆ ಅದು ಬೇಕಿರಲಿಲ್ಲ. ಕಣ್ಮರೆಯಾದ ರೋಮನ್ ಇಳಿಜಾರು ದಾರಿ ಎಲ್ಲಿ ಹಾದುಹೋಗಿತ್ತೆಂಬುದನ್ನು ಹೊಸ ಕಲ್ಲಿನ ಮೇಲೆ ಸೂಚಿಸಲು ಅದನ್ನು ಇಡಲಾಯಿತು. ಹೊದಿಕೆ ಮುಚ್ಚಿಹಾಕಲಿದ್ದ ಗುರುತನ್ನು ಹೊದಿಕೆಯ ಮೇಲೆಯೇ ಮರಳಿ ಬರೆದ ಈ ನಿರ್ಧಾರ, ಸ್ಮಾರಕ ಸಂರಕ್ಷಣೆಯ ಸಿದ್ಧಾಂತಗಳು ಇನ್ನೂ ರೂಪುಗೊಳ್ಳದಿದ್ದ ಕಾಲದಲ್ಲಿ ತೆಗೆದುಕೊಂಡದ್ದು ಎಂಬುದು ಗಮನಾರ್ಹ.

ಈ ಜೀರ್ಣೋದ್ಧಾರದ ಜೊತೆಗೇ ಗೋಪುರದ ಅಧ್ಯಯನವೂ ನಡೆಯಿತು. ಆ ಕೊರುನ್ಯದವನೇ ಆದ ವಿದ್ವಾಂಸ ಹೊಸೆ ಕೊರ್ನಿದೆ ಗೋಪುರದ ಸ್ಥಾಪನೆ ಮತ್ತು ರಚನೆಯನ್ನು ಕುರಿತ ಸಂಶೋಧನಾ ಗ್ರಂಥವನ್ನು 1792ರಲ್ಲಿ ಮ್ಯಾಡ್ರಿಡ್‌ನಲ್ಲಿ ಪ್ರಕಟಿಸಿದ. ಹರ್ಕ್ಯುಲೀಸನ ಕಥೆಯನ್ನು ಬದಿಗಿಟ್ಟು, ಶಾಸನ ಮತ್ತು ಕಲ್ಲುಗೆಲಸವನ್ನು ಆಧರಿಸಿ ಗೋಪುರವನ್ನು ರೋಮನ್ ಕಾಲಕ್ಕೆ ಸೇರಿಸಿದ ಈ ಗ್ರಂಥ, ಹೊರಹೊದಿಕೆಯೊಳಗೆ ಅಡಗಿಹೋದ ರೋಮನ್ ಮೈಯ ಬಗ್ಗೆ ತಿಳಿಯಲು ಇಂದಿಗೂ ಮುಖ್ಯ ಆಕರ.

ಇಪ್ಪತ್ತನೆಯ ಶತಮಾನ ಮತ್ತು ಉತ್ಖನನ

ಕಲ್ಲಿನ ಕೆಲಸ ಮುಗಿದ ಮೇಲಿನ ಬದಲಾವಣೆಗಳು ಬಹುಪಾಲು ದೀಪದವು. ಬೆಂಕಿ ಮತ್ತು ಎಣ್ಣೆದೀಪಗಳ ಜಾಗಕ್ಕೆ ಬೆಳಕನ್ನು ಒಟ್ಟುಗೂಡಿಸಿ ದೂರಕ್ಕೆ ಎಸೆಯುವ ಗಾಜಿನ ಮಸೂರಗಳೂ, 20ನೇ ಶತಮಾನದಲ್ಲಿ ವಿದ್ಯುತ್ತೂ ಬಂದವು. ಬಾಲ್ಯದಲ್ಲಿ, 1891ರಿಂದ 1895ರವರೆಗೆ, ಆ ಕೊರುನ್ಯದಲ್ಲಿ ಬೆಳೆದ ಚಿತ್ರಕಾರ ಪಾಬ್ಲೊ ಪಿಕಾಸೊ ಗೋಪುರವನ್ನು ಚಿತ್ರಿಸಿದ್ದಾನೆ. 1931ರಲ್ಲಿ ಸ್ಪೇನ್ ಸರಕಾರ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. 1936ರಲ್ಲಿ ಆರಂಭವಾದ ಅಂತರ್ಯುದ್ಧದ ಕಾಲದಲ್ಲಿ ಫ್ರಾಂಕೊ ಪಕ್ಷದವರು ಬಂಧಿತರನ್ನು ಗುಂಡಿಟ್ಟು ಕೊಂದ ಕಂಪೊ ದ ರಾತ ಎಂಬ ಬಯಲು ಗೋಪುರದ ಸಮೀಪದಲ್ಲೇ ಇದ್ದು, ಅಲ್ಲಿ ಈಗ ನೆನಪಿನ ಕಲ್ಲುಗಳಿವೆ. ಅದೇ ಯುದ್ಧದಲ್ಲಿ ಮಡಿದ ಮೊರಾಕ್ಕೊದ ಸೈನಿಕರಿಗಾಗಿ ಕಟ್ಟಿದ ಮುಸ್ಲಿಂ ಸ್ಮಶಾನವೂ ಈ ಆವರಣಕ್ಕೆ ಸೇರಿದೆ.

1990ರ ದಶಕದ ಉತ್ಖನನ ಗೋಪುರದ ತಿಳಿವಳಿಕೆಯಲ್ಲಿ ಜನ್ನೀನಿಯ ಕೆಲಸದ ನಂತರದ ದೊಡ್ಡ ತಿರುವು. ಈಗಿನ ಕಟ್ಟಡದ ಬುಡದ ಸುತ್ತ ಅಗೆದಾಗ, ಕಿತ್ತುಹೋದ ರೋಮನ್ ಹೊರಗೋಡೆಯ ತಳಪಾಯ ನೆಲದಡಿಯಲ್ಲಿ ಹಾಗೆಯೇ ಸಿಕ್ಕಿತು. ಪುಸ್ತಕಗಳ ವಿವರಣೆ ಮತ್ತು ಮೈಮೇಲಿನ ಓರೆಗುರುತಿನಿಂದ ಊಹಿಸಿದ್ದ ಎರಡು ಗೋಡೆಗಳ ರಚನೆಗೆ ಇದರಿಂದ ನೆಲದ ಆಧಾರ ದೊರೆಯಿತು. ಈ ತಳಪಾಯಗಳನ್ನು ಮತ್ತೆ ಮಣ್ಣಿನಿಂದ ಮುಚ್ಚದೆ ಮೇಲೆ ಮಾಡು ಹಾಕಿ ಕಾಪಾಡಲಾಗಿದ್ದು, ಸಂದರ್ಶಕರು ಅವುಗಳ ಪಕ್ಕದಲ್ಲೇ ಹಾದು ಗೋಪುರದೊಳಗೆ ಪ್ರವೇಶಿಸುತ್ತಾರೆ.

ಇದೇ ದಶಕದಲ್ಲಿ ಸುತ್ತಲಿನ ಗುಡ್ಡವನ್ನು ಶಿಲ್ಪಗಳ ಉದ್ಯಾನವಾಗಿ ರೂಪಿಸಲಾಯಿತು. ಕಡಲಂಚಿನ ಮೊಂತೆ ದೊಸ್ ಬಿಕೊಸ್ ಎಂಬಲ್ಲಿ ಕಬ್ಬಿಣಯುಗದ ಬಂಡೆಕೆತ್ತನೆಗಳಿವೆ.

ಆಧುನಿಕ ನೌಕಾಯಾನದ ಉಪಕರಣಗಳಿದ್ದರೂ ಈ ತೀರದ ಅಪಾಯ ಕಡಿಮೆಯಾಗಿಲ್ಲ ಎಂಬುದು 1992ರ ಡಿಸೆಂಬರ್ 3ರಂದು ತಿಳಿದುಬಂತು. ಅಂದು ಬೆಳಗಿನ ಜಾವ ಬಿರುಗಾಳಿಯಲ್ಲಿ ಬಂದರಿಗೆ ಬರುತ್ತಿದ್ದ ಏಜಿಯನ್ ಸೀ ಎಂಬ ಗ್ರೀಕ್ ತೈಲಹಡಗು ಗೋಪುರದ ಕೆಳಗಿನ ಬಂಡೆಗಳಿಗೆ ಬಡಿದು, ಎರಡಾಗಿ ಒಡೆದು, ಹೊತ್ತಿ ಉರಿಯಿತು. ಸುಮಾರು 80,000 ಟನ್ ಕಚ್ಚಾತೈಲ ಹೊತ್ತಿದ್ದ ಆ ಹಡಗಿನಿಂದ ಸುತ್ತಲಿನ ಮೀನುಗಾರಿಕೆಯ ನೀರು ಕಲುಷಿತವಾಯಿತು. ಹಡಗಿನಲ್ಲಿದ್ದವರೆಲ್ಲರೂ ಬದುಕಿದರು.

ಸಂರಕ್ಷಣೆಯ ಸಮಸ್ಯೆಗಳು

ಗ್ರಾನೈಟ್ ಗಟ್ಟಿಯಾದ ಕಲ್ಲಾದರೂ ಕಡಲಗಾಳಿ ಹೊತ್ತು ತರುವ ಉಪ್ಪಿನ ಮುಂದೆ ಅದು ಅಭೇದ್ಯವಲ್ಲ. ಕಲ್ಲಿನ ಸೂಕ್ಷ್ಮ ರಂಧ್ರಗಳಿಗೂ ಕಲ್ಲುಗಳ ನಡುವಿನ ಸಂದುಗಳಿಗೂ ಇಳಿದ ಉಪ್ಪುನೀರು ಒಣಗಿದಾಗ ಉಪ್ಪು ಹರಳುಗಟ್ಟಿ ಹಿಗ್ಗುತ್ತದೆ; ಈ ಕ್ರಿಯೆ ಮರುಕಳಿಸುತ್ತ ಹೋದಂತೆ ಕಲ್ಲಿನ ಮೇಲ್ಮೈ ಪುಡಿಯಾಗಿ ಉದುರುತ್ತದೆ. ಸಂದುಗಳ ಗಾರೆ ಸಡಿಲವಾದರೆ ಮಳೆನೀರು ಹೊರಹೊದಿಕೆಯನ್ನು ದಾಟಿ ಒಳಗಟ್ಟಡದ ಸುಣ್ಣದ ಗಾರೆಯನ್ನು ತಲಪಬಲ್ಲದು. ಸುಣ್ಣದ ಗಾರೆಯ ಕಟ್ಟಡಕ್ಕೆ ಸಿಮೆಂಟ್ ಹಚ್ಚಿದರೆ ಒಳಗಿನ ತೇವ ಹೊರಹೋಗಲಾರದೆ ಹಾನಿ ಹೆಚ್ಚುವುದರಿಂದ, ಇಂಥ ಸ್ಮಾರಕಗಳ ದುರಸ್ತಿಯಲ್ಲಿ ಸುಣ್ಣವನ್ನೇ ಬಳಸುವುದು ಇಂದು ಒಪ್ಪಿತವಾದ ಕ್ರಮ.

ಇನ್ನೊಂದು ಸಮಸ್ಯೆ ಕಲ್ಲಿನದಲ್ಲ, ಸಿದ್ಧಾಂತದ್ದು. ಮೂಲವನ್ನು ಮುಚ್ಚಿದ ಹೊರಹೊದಿಕೆ ಇರುವ ಕಟ್ಟಡವನ್ನು ರೋಮನ್ ಸ್ಮಾರಕವೆಂದು ಕರೆಯಬಹುದೇ ಎಂಬ ಪ್ರಶ್ನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವ ಮೊದಲು ಏಳುವುದು ಸಹಜವಾಗಿತ್ತು. 2009ರ ಜೂನ್ 27ರಂದು ಸೆವಿಲ್ಯ ನಗರದಲ್ಲಿ ಸೇರಿದ್ದ ವಿಶ್ವ ಪರಂಪರೆಯ ಸಮಿತಿ ಗೋಪುರವನ್ನು ಪಟ್ಟಿಗೆ ಸೇರಿಸಿದ್ದು ಮೂರನೆಯ ಮಾನದಂಡದ ಅಡಿಯಲ್ಲಿ, ಅಂದರೆ ಒಂದು ನಾಗರಿಕತೆಗೆ ಅಥವಾ ಸಾಂಸ್ಕೃತಿಕ ಪರಂಪರೆಗೆ ವಿಶಿಷ್ಟ ಸಾಕ್ಷಿಯೆಂಬ ನೆಲೆಯಲ್ಲಿ. ಹೊರಹೊದಿಕೆಯನ್ನು ಸಮಿತಿ ಕೊರತೆಯಾಗಿ ಎಣಿಸಲಿಲ್ಲ. ರೋಮನ್ ಕಾಲದಿಂದ ಇಂದಿನವರೆಗಿನ ಬಳಕೆಯ ನಿರಂತರತೆಯಲ್ಲಿ ಅದನ್ನೂ ಒಂದು ಘಟ್ಟವಾಗಿ ಗಣಿಸಿತು. ಜನ್ನೀನಿಯ ಕೆಲಸ ಇಲ್ಲದಿದ್ದರೆ ಒಳಗಟ್ಟಡವೂ ಉಳಿಯುತ್ತಿರಲಿಲ್ಲ ಎಂಬುದನ್ನು ನೋಡಿದರೆ ಈ ತೀರ್ಮಾನ ಸರಿಯಾದದ್ದೇ.

ಈಗಿನ ಸ್ಥಿತಿ

ಗೋಪುರ ವರ್ಷದ ಬಹುಪಾಲು ಸಂದರ್ಶಕರಿಗೆ ತೆರೆದಿರುತ್ತದೆ. ನೆಲದಡಿಯ ತಳಪಾಯ, ರೋಮನ್ ಕೋಣೆಗಳು, ಜನ್ನೀನಿಯ ಅಂತಸ್ತು ಹೀಗೆ ಕಾಲಾನುಕ್ರಮದಲ್ಲೇ ಏರುವ ದಾರಿಯಲ್ಲಿ 234 ಮೆಟ್ಟಿಲುಗಳಿವೆ. ಸಂದರ್ಶಕರ ವ್ಯವಸ್ಥೆಯನ್ನು ನಗರಾಡಳಿತ ನೋಡಿಕೊಂಡರೆ, ದೀಪದ ಹೊಣೆ ಆ ಕೊರುನ್ಯ ಬಂದರು ಪ್ರಾಧಿಕಾರದ್ದು. ದೀಪಸ್ತಂಭಗಳನ್ನು ನಾವಿಕರು ಒಂದರಿಂದೊಂದು ಬೇರೆಯಾಗಿ ಗುರುತಿಸುವುದು ಬೆಳಕು ಮಿನುಗುವ ಕ್ರಮದಿಂದ. ಹರ್ಕ್ಯುಲೀಸ್ ಗೋಪುರದ ಕ್ರಮ 20 ಸೆಕೆಂಡಿಗೆ ನಾಲ್ಕು ಬಿಳಿ ಮಿನುಗುಗಳು, ಬೆಳಕು ತಲಪುವ ದೂರ 23 ನಾಟಿಕಲ್ ಮೈಲಿ, ಎಂದರೆ ಸುಮಾರು 43 ಕಿ.ಮೀ.